ಮೂರಡಿ ದಾರ, ಒಂದು ಗೇಣು ಕೊಸರು

ಅಳೆಯೋದನ್ನೇ ಹೊಟ್ಟೆಪಾಡು ಮಾಡ್ಕೊಂಡವನ ಅಳತೆಯನ್ನ ಊರಲ್ಲಿ ಒಬ್ಬನೂ ನಂಬಲ್ಲ. ನನಗಂತೂ ವಾರಕ್ಕೊಂದು ಸಲ ಇದರ ಅನುಭವ ಆಗ್ತಾನೇ ಇರುತ್ತೆ. ನಾನು ಲೈಸೆನ್ಸ್ ಸರ್ವೇಯರ್. ಮನೆ ಹೊಸನಗರ. ಸಾಗರ, ತೀರ್ಥಹಳ್ಳಿ ಸೇರಿ ಮೂರು ತಾಲ್ಲೂಕಿನ ಬೇಲಿ ಅಳೆದವನು. ಜಮೀನಿನ ತಕರಾರು ಬಿಡಿ, ಅದು ಇದ್ದದ್ದೇ. ನನ್ನ ಮೀನಿನ ದಾರದ ಅಳತೆಗೂ ಬಾಯಿ ಹಾಕ್ತಾರಲ್ಲ, ಮೈ ಉರಿಯೋದು ಅದಕ್ಕೆ.

ಊರು ಬಿಡುವಾಗ ಕಾಲೇಜು ಮೇಷ್ಟ್ರೊಬ್ಬರು ತಮ್ಮ ಫ್ಲೈ ಫಿಶಿಂಗ್ ಕೋಲನ್ನ ನನಗೆ ಕೊಟ್ಟು ಹೋದ್ರು. ಇದಕ್ಕೆ ಎರೆಹುಳ ಬೇಡ, ಗರಿ ಸುತ್ತಿ ಮಾಡಿದ ಸುಳ್ಳು ಹುಳ ಸಾಕು. ದಪ್ಪ ದಾರ ತನ್ನ ಭಾರಕ್ಕೆ ತಾನೇ ಮುಳುಗುತ್ತೆ. ಅದರ ತುದಿಗೆ ಒಂದು ಸಣ್ಣ ನೈಲಾನ್ ದಾರ, ಅದರ ತುದಿಗೆ ಹುಳ. ಆ ಸಣ್ಣ ದಾರಕ್ಕೆ ಲೀಡರ್ ಅಂತಾರೆ.

"ಮುಳುಗೋ ದಾರಕ್ಕೆ ಲೀಡರ್ ಗಿಡ್ಡ ಇರ್ಬೇಕು, ಮೂರೇ ಅಡಿ. ಉದ್ದ ಆದ್ರೆ ದಾರ ತಳ ಸೇರುತ್ತೆ, ಹುಳ ಮೇಲೇ ತೇಲುತ್ತೆ," ಅಂತ ಮೇಷ್ಟ್ರು ಎರಡೆರಡು ಸಲ ಹೇಳಿದ್ರು.

ನಾಲ್ಕು ತಿಂಗಳು ಬರಿಗೈಲಿ ಮನೆಗೆ ಬಂದೆ. ಹೆಂಡತಿ ಖಡಾಖಂಡಿತವಾಗಿ ಹೇಳಿದ್ಲು: "ರೀ, ಮಳೆ ಹಿಡಿಯೋದ್ರೊಳಗೆ ಒಂದೇ ಒಂದು ಮೀನು ಮನೆಗೆ ಬರ್ಬೇಕು. ಇಲ್ದಿದ್ರೆ ಆ ಕೋಲು ನನ್ನ ತೊಂಡೆ ಚಪ್ಪರಕ್ಕೆ."

೧. ಸಾಗರದ ಧಾರಾಳ

ಸಾಗರದಲ್ಲಿ ಗಾಳ, ಬಲೆ ಮಾರೋ ಒಂದು ಅಂಗಡಿ. "ಲೀಡರಿಗೆ ಮೂರಡಿ ನೈಲಾನ್ ದಾರ ಬೇಕು, ಎರಡೂ ತುದಿಗೆ ಕುಣಿಕೆ ಹಾಕಿ ಕೊಡಿ," ಅಂದೆ. ಅಂಗಡಿಯವರು ಮೊಣಕೈಯಿಂದ ಬೆರಳ ತುದಿಗೆ ಹಿಡಿದು ಎರಡು ಮೊಳ ಅಳೆದ್ರು. ಸರಿ, ಮೂರಡಿ. ಕತ್ತರಿಸೋ ಹೊತ್ತಿಗೆ ಇನ್ನೊಂದು ಮೊಳ ಎಳೆದ್ರು.

"ಅದೆಂಥದು?"

"ಕೊಸರು ಸಾರ್."

"ನನಗೆ ಕೊಸರು ಬೇಡ ಮಾರಾಯ್ರೇ! ಮೂರೇ ಅಡಿ!"

"ಮಲ್ಲಿಗೆ ತಗೊಂಡ್ರೂ ಕೊಸರು, ಮಂಡಕ್ಕಿ ತಗೊಂಡ್ರೂ ಕೊಸರು. ನಮ್ಮಂಗ್ಡಿಗೆ ಬಂದು ಬರೀ ಅಳತೆ ತಗೊಂಡೋದ್ರು ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಅಂತ ಆ ಪುಣ್ಯಾತ್ಮ ಕತ್ತರಿಸಿ, ಕುಣಿಕೆ ಬಿಗಿದು, ಪೊಟ್ಟಣ ಕಟ್ಟೇಬಿಟ್ಟ. ಆ ಭಾನುವಾರ ನನ್ನ ಹುಳ ಮೀನಿನ ತಲೆ ಮೇಲೆ ಆರಾಮಾಗಿ ತೇಲ್ತಾ ಇತ್ತು. ಜಗಳ ಮಾಡೋಣ ಅಂತ ವಾಪಸ್ ಹೋದೆ. ನನ್ನ ಮುಖ ನೋಡಿದ್ದೇ ಅಂಗಡಿಯವರು, "ಮೀನು ಬೀಳ್ಲಿಲ್ವಾ? ಛೆ, ತಪ್ಪು ನಂದೇ. ತಗೊಳಿ, ಇನ್ನೊಂದು ಮೊಳ," ಅಂದ್ರು.

೨. ಹಿನ್ನೀರಿನ ದಡದಲ್ಲಿ

ಸರಿ, ನಾನೇ ಕತ್ತರಿಸ್ಕೋತೀನಿ ಅಂತ ಮುಂದಿನ ವಾರ ಶರಾವತಿ ಹಿನ್ನೀರಿನ ದಡದಲ್ಲಿ ಕೂತು ಬ್ಯಾಗಿಂದ ನನ್ನ ಬಟ್ಟೆ ಟೇಪು ತೆಗೆದೆ. ಹಿಂದಿಂದ ಒಂದು ಕೂಗು: "ಓಹೋಹೋ! ಇದೇ ಟೇಪಲ್ವಾ ಸಾರ್?"

ನಿಟ್ಟೂರು ಕಡೆಯ ರೈತರು. ಹಿಂದಿನ ವರ್ಷ ಇವರಿಗೂ ಇವರ ದಾಯಾದಿಗೂ ಬೇಲಿ ಜಗಳ ಆದಾಗ ಅಳೆದು ಕೊಟ್ಟವನು ನಾನೇ. ಆವತ್ತು ಅಳತೆಯ ಚೈನು ಮರೆತು ಹೋಗಿದ್ದೆ. ಕೊಟ್ಟಿಗೆ ಗೋಡೆಯಿಂದ ಬೇಲಿಗೆ ಇಪ್ಪತ್ತಡಿ ತಾನೇ ಅಂತ ಈ ಟೇಪಲ್ಲೇ ಮುಗಿಸಿದ್ದೆ.

"ನಂಗೆ ಒಂದು ಗೇಣು ಜಾಗ ಕಮ್ಮಿ ಬಂದೈತೆ ಸಾರ್. ಎಮ್ಮೆ ಹೊಟ್ಟೆ ಬೇಲಿಗೆ ತಾಗ್ತೈತೆ."

"ಎಮ್ಮೆ ದಪ್ಪ ಆಗಿರ್ಬೇಕು! ನನ್ನ ಅಳತೆ ತಪ್ಪಲ್ಲ!"

ತಮ್ಮ ಎಲೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದವರ ಎಲೇಲಿ ನೊಣ ಹುಡುಕೋ ಜನ! ಮಾತಿಗೆ ಮಾತು ಬೆಳೆದು ಸೂರ್ಯ ಮುಳುಗಿದ. ನನ್ನ ದಾರ ಮಾತ್ರ ಮುಳುಗಲೇ ಇಲ್ಲ. ಹೊರಡುವಾಗ ಆ ಮನುಷ್ಯ ಸಮಾಧಾನ ಬೇರೆ ಹೇಳಿದ್ರು: "ಬೇಜಾರಾಗ್ಬೇಡಿ ಸಾರ್. ನಮ್ಮೆಮ್ಮೆ ಬೇಕಾದ್ರೆ ಬಂದು ಅಳೀರಿ."

೩. ತೀರ್ಥಹಳ್ಳಿಯ ಪಂಡಿತ

ಹೆಂಡತಿಯ ತಮ್ಮ ಇರೋದು ತೀರ್ಥಹಳ್ಳಿಯಲ್ಲಿ. ಒಂದು ದಿನವೂ ನೀರಿಗಿಳಿದವನಲ್ಲ, ಆದ್ರೆ ಮೊಬೈಲಲ್ಲಿ ನೋಡದ ವಿಡಿಯೋ ಇಲ್ಲ. ಅವನ ಮನೇಲಿ ನಾನು ಊಟಕ್ಕೆ ಕೂತಾಗ ಲೀಡರ್ ಬಿಚ್ಚಿ ಒಂಬತ್ತಡಿಯದ್ದು ಕಟ್ಟಿಟ್ಟಿದ್ದ.

"ಭಾವ, ಅಮೆರಿಕದವ್ರೇ ಒಂಬತ್ತಡಿ ಹಾಕ್ತಾರೆ."

"ಅದು ತೇಲೋ ದಾರಕ್ಕೆ ಕಣೋ! ನಂದು ಮುಳುಗೋದು!"

"ಒಂದ್ಸಲ ಬೀಸಿ ನೋಡಿ ಭಾವ. ನಂಗೋಸ್ಕರ."

ಹೊಳೆಗೆ ಹೋದ್ವಿ. ಅವನು ಹಿಂದೆ ಬಂಡೆ ಮೇಲೆ ನಿಂತು ವಿಡಿಯೋ ಮಾಡ್ತಿದ್ದ. ಬೀಸಿದೆ. ಹಿಂದಕ್ಕೆ ಹೋದ ಒಂಬತ್ತಡಿ ಮುಂದಕ್ಕೆ ಬರ್ಲಿಲ್ಲ. ಎಳೆದೆ, ಗಟ್ಟಿ ಹಿಡ್ಕೊಂಡಿತ್ತು. ಇನ್ನೂ ಜೋರಾಗಿ ಎಳೆದೆ. "ಅಯ್ಯಯ್ಯೋ ಭಾವ, ಪಂಚೆ!" ಅಂತ ಕೂಗು. ತಿರುಗಿ ನೋಡಿದ್ರೆ ಪಂಚೆ ನನ್ನ ಕಡೆ ಬರ್ತಾ ಇದೆ, ಅವನು ಬಂಡೆ ಹಿಂದೆ ಕೂತಿದ್ದಾನೆ. ಸಿಟ್ಟಲ್ಲೂ ನನಗೊಂದು ಸಣ್ಣ ಆಸೆ. ಮನೆಗೆ ಬಂದು, "ಏನೋ ಒಂದು ಹಿಡಿದೆನಲ್ಲ?" ಅಂತ ಹೆಂಡತಿಯನ್ನ ಕೇಳಿದೆ.

"ತವರಿನ ಕಡೆಯದು ಲೆಕ್ಕಕ್ಕಿಲ್ಲ," ಅಂದ್ಲು.

೪. ಕೊನೆಯ ಭಾನುವಾರ

ಕೊಡಚಾದ್ರಿ ಕಡೆ ಮೋಡ ಕಟ್ಟಿತ್ತು. ಹೆಂಡತಿ ಚಪ್ಪರದ ಹತ್ತಿರ ಗುಂಡಿ ತೋಡಿ ಇಟ್ಟಿದ್ಲು, ಕೋಲು ನೆಡೋಕೆ! ಬಾಗಿಲು ಹಾಕ್ಕೊಂಡು ಲೀಡರ್ ದಾರವನ್ನ ನನ್ನ ಟೇಪಲ್ಲಿ ನಾನೇ ಅಳೆದು ಕತ್ತರಿಸಿದೆ. ಮೂರಡಿ, ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಹಿನ್ನೀರಿಗೆ ಹೋದ್ರೆ ಅದೇ ನಿಟ್ಟೂರಿನ ರೈತರು, ಎಮ್ಮೆ ಮೈ ತೊಳೀತಾ ಇದ್ದಾರೆ. ಬೀಸಿದೆ. ದಾರ ಮುಳುಗ್ತು, ಜೊತೆಗೆ ಹುಳವೂ ಮುಳುಗ್ತು. ಮೂರನೇ ಎಸೆತಕ್ಕೆ ಕೋಲು ಬಿಲ್ಲಿನ ಹಾಗೆ ಬಗ್ಗಿತು. ದಡಕ್ಕೆ ತಂದೆ ನೋಡಿ, ಮೊಳದುದ್ದದ ಮೀನು! ಖುಷಿಗೆ ಕಣ್ಣಲ್ಲಿ ನೀರೇ ಬಂತು.

"ನೋಡ್ರೀ! ಮೂರಡಿ! ನನ್ನ ಅಳತೆ ಅಂದ್ರೆ ಅಳತೆ!" ಅಂತ ಕಿರುಚಿದೆ.

ರೈತರು ಬಂದು ಲೀಡರನ್ನ ಗೇಣು ಹಾಕಿ ಅಳೆದ್ರು. "ಒಂದು, ಎರಡು, ಮೂರು... ಮುಗೀತಲ್ಲ ಸಾರ್? ಮೂರಡಿಗೆ ನಾಲ್ಕು ಗೇಣು ಬರ್ಬೇಕು."

"ನಿಮ್ಮ ಗೇಣು ದೊಡ್ಡದು!" ಅಂತ ರೇಗಿ ಟೇಪು ಬಿಚ್ಚಿ ಹಿಡಿದೆ. ಅವರು ಅದರ ತುದಿ ಕಣ್ಣ ಹತ್ತಿರ ತಂದ್ರು. ಬಹಳ ಹೊತ್ತು ನೋಡಿದ್ರು.

"ಸಾರ್, ಇದು ಹತ್ತರಿಂದ ಶುರು ಆಗ್ತೈತಲ್ಲ. ಮೊದಲ ಒಂಬತ್ತು ಇಂಚು ಎಲ್ಲಿ?"

ಒಂಬತ್ತು ಇಂಚು ಅಂದ್ರೆ ಸರಿಯಾಗಿ ಒಂದು ಗೇಣು. ಎಮ್ಮೆ ನನ್ನನ್ನೇ ನೋಡ್ತಾ ನಿಂತಿತ್ತು. ಹೆಗ್ಗಣ ಬಿದ್ದಿದ್ದು ನನ್ನ ಎಲೇಲೇ.

"ನಾಳೆ ಚೈನು ತಂದು ನಿಮ್ಮ ದಾಯಾದಿ ಮುಂದೇನೇ ಅಳೆದು ಕೊಡ್ತೀನಿ. ತಪ್ಪು ನಂದು," ಅಂದೆ.

"ಗೇಣು ಜಾಗ ಹೆಂಗೂ ನಂದೇ ಸಾರ್, ಬಂದೇ ಬರುತ್ತೆ. ಒಂದ್ವರ್ಷ ಸುಳ್ಳ ಅನ್ನಿಸ್ಕೊಂಡೆನಲ್ಲ," ಅಂತ ಅವರು ಮೀನಿನ ಕಡೆ ನೋಡಿದ್ರು. "ಕೊಸರು ಏನೂ ಇಲ್ವಾ?"

ಕೊಟ್ಟೆ. ಕೊಡದೆ ಇನ್ನೇನು ಮಾಡ್ಲಿ?

ಮನೆ ಮುಟ್ಟೋದಕ್ಕೂ ಮಳೆ ಹಿಡಿಯೋದಕ್ಕೂ ಸರಿಹೋಯ್ತು. ಹೆಂಡತಿ ಕೋಲು ಇಸ್ಕೊಂಡು ಗುಂಡಿಗೆ ನೆಟ್ಲು. ಚಪ್ಪರದ ಹಳೇ ಗೂಟದಿಂದ ಬಳ್ಳಿ ಬಿಚ್ಚಿ, ಅದನ್ನ ಕಟ್ಟಿದ್ದ ಬಟ್ಟೆ ಪಟ್ಟಿಯಿಂದಲೇ ನನ್ನ ಕೋಲಿಗೆ ಬಿಗಿದ್ಲು. ಆ ಪಟ್ಟಿಯನ್ನ ಹತ್ತಿರ ಹೋಗಿ ನೋಡಿದೆ. ಒಂದರಿಂದ ಒಂಬತ್ತರ ತನಕ ನಂಬರು ಇನ್ನೂ ಚೆನ್ನಾಗಿ ಕಾಣ್ತಿತ್ತು.

"ಇದನ್ನ ಯಾವಾಗ ಕತ್ತರಿಸಿದ್ದೇ?" ಅಂತ ಕಿರುಚಿದೆ.

"ಎರಡು ವರ್ಷ ಆಯ್ತು. ಅಷ್ಟುದ್ದ ಟೇಪಲ್ಲಿ ಒಂದು ಗೇಣು ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ," ಅಂದ್ಲು.