ಶೂನ್ಯತೆಗೆ ಕಟ್ಟು ಹಾಕಿದ್ದು

ಅನಾಹುತಕ್ಕೆಲ್ಲ ಮೂಲ ಒಂದು ಲೋಟ ಚಹಾ. ಚಹಾದ ತಪ್ಪೂ ಅಲ್ಲ, ಲೋಟದ ತಪ್ಪೂ ಅಲ್ಲ. ಕಟ್ಟಿನಣ್ಣನ ಮೂವತ್ತು ವರ್ಷದ ಅಭ್ಯಾಸದ ತಪ್ಪು. ಚಿತ್ರಗಳಿಗೆ ಮರದ ಕಟ್ಟು ಹಾಕಿಕೊಡುವ ಅವನ ಅಂಗಡಿಗೆ ಯಾವ ಚಿತ್ರ ಬಂದರೂ ಮೇಲೊಂದು ಖಾಲಿ ಹಾಳೆ ಸುತ್ತಿಕೊಂಡೇ ಬರುತ್ತಿತ್ತು. ಆ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಲೋಟ ಇಟ್ಟುಕೊಂಡರೇನೇ ಅವನಿಗೆ ಬೆಳಗಾದ ಲೆಕ್ಕ.

ಆ ದಿನ ಧ್ಯಾನಮಂದಿರದ ಬೌದ್ಧ ಗುರುಗಳು ಒಂದು ಸುರುಳಿಯನ್ನು ಅವನ ಹೆಂಡತಿಯ ಕೈಗೆ ಕೊಟ್ಟು ಹೋಗಿದ್ದರು. ಕಟ್ಟಿನಣ್ಣ ಬಿಚ್ಚಿ ನೋಡಿದ. ಬರೀ ಖಾಲಿ ಹಾಳೆ. ಚಿತ್ರ ಆಮೇಲೆ ಕಳಿಸುತ್ತಾರೇನೋ ಎಂದುಕೊಂಡು ಹಾಸಿದ, ಲೋಟ ಇಟ್ಟ, ಆರಾಮವಾಗಿ ಕುಡಿದ. ಲೋಟ ಎತ್ತಿದರೆ ಹಾಳೆಯ ನಟ್ಟನಡುವೆ ಬಳೆಯಂಥ ಕಂದು ಕಲೆ. ಸುರುಳಿಯೊಳಗಿಂದ ಜಾರಿದ್ದ ಚೀಟಿ ಕಾಲಬುಡದಲ್ಲಿ ಕಂಡದ್ದು ಆಮೇಲೆ.

'ಚಿತ್ರದ ಹೆಸರು ಶೂನ್ಯತೆ. ಮೂರು ವರ್ಷ ಇದರ ಮುಂದೆ ಕೂತು, ಏನನ್ನೂ ಬರೆಯದೆ ಮುಗಿಸಿದ್ದೇನೆ. ಸಂಜೆ ನಾಲ್ಕಕ್ಕೆ ಬರುತ್ತೇನೆ. ಕಟ್ಟು ಮನಸ್ಸಿಗೆ ಬಂದರೆ ಮಂದಿರದ ನಲವತ್ತು ಕೋಣೆಗಳ ಚಿತ್ರಗಳೂ ನಿಮಗೇ.'

ಕಟ್ಟಿನಣ್ಣ ಚೀಟಿಯನ್ನು ಎರಡೆರಡು ಸಲ ಓದಿದ. ಮೂರು ತಿಂಗಳಿಂದ ನೊಣ ಹೊಡೆಯುತ್ತಿದ್ದ ಅಂಗಡಿಗೆ ನಲವತ್ತು ಕಟ್ಟು ಅಂದರೆ ಹೋದ ಜೀವ ಬಂದಂತೆ.

"ಏನಣ್ಣ, ಮುಖ ಯಾಕೆ ಹಿಂಗಾಗಿದೆ?" ಎನ್ನುತ್ತ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಪಕ್ಕದ ಟೈಲರ್ ಬಂದ. ಅವನು ಗುರುಗಳ ಪ್ರವಚನಕ್ಕೆ ವಾರವಾರ ಹೋಗುವವನು. ಮಂದಿರದ ನಲವತ್ತು ಕೂರುವ ದಿಂಬುಗಳ ಹೊಲಿಗೆಯೂ ಅವನದೇ. ಕಟ್ಟಿನಣ್ಣ ಚೀಟಿಯನ್ನೂ ಕಲೆಯನ್ನೂ ತೋರಿಸಿದ. ಅವನ ಬೆನ್ನಿಗೇ ಎದುರಂಗಡಿಯಿಂದ ಗಡಿಯಾರ ರಿಪೇರಿಯ ಅಜ್ಜ ಬಂದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಲೆಯನ್ನು ಪರೀಕ್ಷಿಸಿದ.

"ಕಲೆ ಇನ್ನೂ ಎಳೇದು. ಒಂದೇ ತೊಟ್ಟು ಸ್ಪಿರಿಟ್ಟು ಸಾಕು" ಎಂದ ಅಜ್ಜ. ತೊಟ್ಟು ಬಿತ್ತು. ಬಳೆಯಷ್ಟಿದ್ದ ಕಲೆ ತಟ್ಟೆಯಷ್ಟಾಯಿತು.

"ಅಯ್ಯೋ, ಇದು ಇಸ್ತ್ರಿಗೆ ಬಗ್ಗೋ ಕಲೆ. ನಂಗೆ ಬಿಡಿ" ಎಂದು ಟೈಲರ್ ಒದ್ದೆ ಬಟ್ಟೆ ಹಾಸಿ ಒತ್ತಿದ. ಒತ್ತುತ್ತಲೇ ಶೂನ್ಯತೆಯ ಅರ್ಥ ವಿವರಿಸತೊಡಗಿದ. ವಿವರಣೆ ಉದ್ದವಾಯಿತು. ಸುಟ್ಟ ವಾಸನೆ ಬಂದು ಎತ್ತಿದರೆ ತಟ್ಟೆಯ ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆಯ ಅಚ್ಚು.

"ನೀವಿಬ್ರೂ ನಿಮ್ ನಿಮ್ ಅಂಗಡಿಗೆ ಹೋಗ್ರಪ್ಪ!" ಎಂದು ಕಟ್ಟಿನಣ್ಣ ಕೈಮುಗಿದ. ಅಜ್ಜ ಹೋದ. ಟೈಲರ್ ಕದಲಲಿಲ್ಲ.

"ಸುಮ್ನೆ ಬೇರೆ ಹಾಳೆ ಹಾಕಣ್ಣ. ಅದೂ ಖಾಲಿ, ಇದೂ ಖಾಲಿ. ಯಾರಿಗೆ ಗೊತ್ತಾಗುತ್ತೆ?"

ಗಂಟೆ ಮೂರೂವರೆ. ಬೇರೆ ದಾರಿ ಇರಲಿಲ್ಲ. ಕಟ್ಟಿನಣ್ಣ ಅದೇ ಅಳತೆಯ ಹೊಸ ಹಾಳೆ ಕತ್ತರಿಸಿ, ಕಟ್ಟು ಹಾಕಿ ಗೋಡೆಗೆ ತೂಗುಹಾಕಿದ. ಹಳೆಯದನ್ನು ಮೇಜಿನ ಕೆಳಗೆ ತುರುಕಿದ.

ನಾಲ್ಕಕ್ಕೆ ಸರಿಯಾಗಿ ಗುರುಗಳು ಬಂದರು. ಹಾಳೆಯ ಮುಂದೆ ಎಷ್ಟೋ ಹೊತ್ತು ನಿಂತರು. ಮುಖದಲ್ಲಿ ಮಗುವಿನ ಸಂತೋಷ. "ಚೆನ್ನಾಗಿದೆ. ಮೂರು ವರ್ಷ ಕಣ್ಮುಂದೆ ಬಂತು."

ಆ ಸಂತೋಷವನ್ನು ಕಟ್ಟಿನಣ್ಣನಿಂದ ನೋಡಲಾಗಲಿಲ್ಲ. "ಗುರುಗಳೇ, ಇದು ನಿಮ್ದಲ್ಲ" ಎಂದುಬಿಟ್ಟ. ಟೈಲರ್ ಹಿಂದಿನಿಂದ ಚಿವುಟಿದರೂ ಬಗ್ಗಿ ಹಳೆಯದನ್ನು ಎಳೆದು ತೋರಿಸಿದ. "ಚಹಾ ಲೋಟ ಇಟ್ಟುಬಿಟ್ಟೆ. ಮಿಕ್ಕಿದ್ದನ್ನ ಇವನೂ ಎದುರಂಗಡಿ ಅಜ್ಜನೂ ಸೇರಿ ಮಾಡಿದ್ರು."

"ಕಲೆ ಬೇರೆ, ಹಾಳೆ ಬೇರೆ ಅಲ್ಲ ಗುರುಗಳೇ! ಎಲ್ಲಾ ಶೂನ್ಯ, ಏನೂ ಇಲ್ಲ ಅಂತ ನೀವೇ ಹೇಳಿದೀರಲ್ಲ!" ಎಂದು ಟೈಲರ್ ನಡುವೆ ಬಾಯಿ ಹಾಕಿದ.

"ಏನೂ ಇಲ್ಲ ಅಂತ ನಾನು ಒಂದು ದಿನವೂ ಹೇಳಿಲ್ಲ" ಎಂದ ಗುರುಗಳು ಕಟ್ಟಿನಣ್ಣನ ಕಡೆ ತಿರುಗಿದರು. "ಶೂನ್ಯತೆ ಅಂದ್ರೆ ನಿಮಗೇನು ತೋಚುತ್ತೆ?"

"ನಂಗೇನ್ ತೋಚುತ್ತೆ ಗುರುಗಳೇ, ನಂಗೊತ್ತಿರೋದು ಕಟ್ಟೊಂದೇ" ಎಂದು ಅವನು ನಾಲ್ಕು ಮರದ ಪಟ್ಟಿಗಳನ್ನು ಎತ್ತಿ ಹಿಡಿದ. "ಇವು ಬಿಡಿಬಿಡಿಯಾಗಿದ್ರೆ ಸೌದೆ. ಒಂದಕ್ಕೊಂದು ಆತುಕೊಂಡ್ರೆ ಕಟ್ಟು. ಕಟ್ಟು ಅನ್ನೋದು ಈ ಪಟ್ಟೀಲೂ ಇಲ್ಲ, ಆ ಪಟ್ಟೀಲೂ ಇಲ್ಲ. ಹಾಗಂತ ಇಲ್ವೇ ಇಲ್ಲ ಅನ್ನೋಕಾಗುತ್ತಾ? ಗೋಡೇಲಿ ನೇತಾಡ್ತಾ ಇದೆಯಲ್ಲ! ಒಳಗೆ, ಹೊರಗೆ ಅನ್ನೋದೂ ಅಷ್ಟೇ. ನಾನು ಕಟ್ಟು ಹಾಕೋವರೆಗೂ ಎರಡೂ ಇರಲ್ಲ."

ಗುರುಗಳ ಕಣ್ಣು ತೇವವಾಯಿತು. "ಯಾವುದೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ, ಒಂದನ್ನೊಂದು ಆತುಕೊಂಡೇ ಇದೆ. ಇಪ್ಪತ್ತು ವರ್ಷ ಇದನ್ನೇ ಹೇಳಿದೆ, ಒಬ್ಬರಿಗೂ ದಾಟಿಸೋಕಾಗಲಿಲ್ಲ. ನೀವು ನಾಲ್ಕು ಪಟ್ಟೀಲಿ ತೋರಿಸಿಬಿಟ್ರಿ."

ಕಟ್ಟಿನಣ್ಣ ಹಿರಿಹಿರಿ ಹಿಗ್ಗಿದ. "ಹಾಗಾದ್ರೆ ಗುರುಗಳೇ, ಆ ನಲವತ್ತು ಕೋಣೇದು..."

"ಬೇಡ! ಒಳಗೆ ಹೊರಗೆ ಇಲ್ಲದ ಕಡೆ ನಾನೇ ಗೆರೆ ಎಳೆಯೋಕೆ ಹೊರಟಿದ್ದೆ. ನಿಮ್ಮಿಂದ ಕಣ್ಣು ತೆರೀತು. ಇನ್ನು ಮಂದಿರದಲ್ಲಿ ಒಂದೂ ಕಟ್ಟು ಬೇಡ." ಬಾಗಿಲಲ್ಲಿ ನಿಂತು ಟೈಲರ್‌ಗೆ ಹೇಳಿದರು: "ನಿನ್ನ ದಿಂಬುಗಳೂ ಬೇಡಪ್ಪ. ದಿಂಬು, ನೆಲ ಅಂತ ಯಾಕೆ ಭೇದ!"

ಟೈಲರನ ಕೊರಳಿನ ಟೇಪು ಜಾರಿ ನೆಲಕ್ಕೆ ಬಿತ್ತು.

ಹೆಂಡತಿ ಸಂಜೆಯ ಚಹಾ ತಂದಾಗ ಕಟ್ಟಿನಣ್ಣ ಒಬ್ಬನೇ ಮುಗುಳ್ನಗುತ್ತ ಕೂತಿದ್ದ.

"ಏನಂದ್ರು ಗುರುಗಳು?"

"ನಂಗೆ ಅರ್ಥ ಆಗಿದೆ ಅಂದ್ರು ಕಣೇ." ಮದುವೆಯಾದಾಗಿನಿಂದ ಅವನಿಗೆ ಯಾರೂ ಆ ಮಾತು ಹೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು.

"ಮತ್ತೆ ನಲವತ್ತು ಕಟ್ಟು?"

"ಅರ್ಥ ಆಗಿದ್ದಕ್ಕೇ ಹೋಯ್ತು."

ಅವಳು ಗಂಡನ ಮುಖವನ್ನೊಮ್ಮೆ ನೋಡಿದಳು. ಗುರುಗಳು ಬಿಟ್ಟುಹೋದ, ಕಲೆಯಾದ ಹಾಳೆಯನ್ನು ಮುಟ್ಟಿ, "ಕಾಗದವೇನೋ ಒಳ್ಳೇ ಗಟ್ಟಿಯಾಗಿದೆ. ಲೋಟ ಇಡೋ ಜಾಗಾನೂ ಗುರುತು ಮಾಡಿದೀರ" ಎಂದು ಮೇಜಿನ ಮೇಲೆ ಹಾಸಿ, ತಟ್ಟೆಯಂಥ ಕಲೆಯ ನಡುವೆ ಲೋಟ ಇಟ್ಟು ಒಳಗೆ ಹೋದಳು.