ಸುಣ್ಣದ ಗೆರೆಯ ಮನೆ

ಮನೆಗೆ ಬಂದ ನೆಂಟರು ಬಾಗಿಲು ಬಿಟ್ಟು ಗೋಡೆಯೊಳಗಿಂದ ನಡೆದು ಬಂದರೆಂದು ನೀವು ಯಾವತ್ತಾದರೂ ಸಿಟ್ಟು ಮಾಡಿದ್ದೀರಾ? ನಮ್ಮ ಅತ್ತೆಯವರು ಮಾಡಿದ್ದಾರೆ. ಅದೂ ಗೋಡೆಯೇ ಇಲ್ಲದ ಮನೆಯಲ್ಲಿ!

ವಿಜಯಪುರದಿಂದ ತಿಕೋಟಾ ಕಡೆಗೆ ಹೋಗುವ ರಸ್ತೆಯ ಪಕ್ಕ ನಮ್ಮದೊಂದು ಪ್ಲಾಟು ಬಹಳ ದಿನದಿಂದ ಖಾಲಿ ಬಿದ್ದಿತ್ತು. ಅಲ್ಲಿ ಮನೆ ಕಟ್ಟಿಸುವುದೆಂದು ಗಟ್ಟಿಯಾದಾಗ ನನ್ನ ಯಜಮಾನರು ಇಂಜಿನಿಯರನ್ನು ಕರೆಸಿ ತಮ್ಮ ಕನಸನ್ನು ಬಿಚ್ಚಿಟ್ಟರು. ಹಾಲಿನ ನಡುವೆ ಬಳ್ಳಿಯಂತೆ ಸುತ್ತಿ ಏರುವ ಮೆಟ್ಟಿಲು, ಮಲಗುವ ಕೋಣೆಗಳೆಲ್ಲ ಮೇಲೆ. ಅತ್ತೆಯವರ ಕನಸು ಬೇರೆ. ಕೆಳಗೇ ಒಂದು ಮಲಗುವ ಕೋಣೆ, ಅದಕ್ಕೆ ಅಂಟಿಕೊಂಡು ಎಮ್ಮೆ ಹೊಳ್ಳಿ ತಿರುಗಿ ನಿಲ್ಲುವಷ್ಟು ದೊಡ್ಡ ಬಚ್ಚಲು. ಪ್ಲಾಟು ಇರುವುದು ಇದ್ದಷ್ಟೇ ತಾನೆ? ಮೆಟ್ಟಿಲು ಇಲ್ಲವೇ ಬಚ್ಚಲು, ಎರಡರಲ್ಲಿ ಒಂದು ಎಂದು ಇಂಜಿನಿಯರು ಹೇಳಿ, ಎರಡು ನಕಾಶೆ ಬರೆದುಕೊಟ್ಟು ಜಾಣತನದಿಂದ ದೂರ ಸರಿದು ಕೂತರು.

ಅತ್ತೆಯವರು ಎರಡೂ ಕಾಗದಗಳನ್ನು ನೋಡಿ ಮಡಚಿಟ್ಟರು. "ಕಾಗದದಾಗ ಎಲ್ಲಾ ಮನಿನೂ ಚಲೋನ ಕಾಣ್ತಾವ. ಒಂದ ದಿನ ಇದ್ದು ನೋಡೂಣು."

ಕಟ್ಟದ ಮನೆಯಲ್ಲಿ ಇರುವುದು ಹೇಗೆ? ಅತ್ತೆಯವರ ತವರು ಸಾರವಾಡ. ಅಲ್ಲಿ ಅವರ ಅಪ್ಪ ಬಣವೆ ಒಟ್ಟುವ ಮೊದಲು ಕಣದಲ್ಲಿ ಬೂದಿಯಿಂದ ಗೆರೆ ಎಳೆದು, ಸುತ್ತಲೂ ಚಕ್ಕಡಿ ಹೊಡೆದು ನೋಡುತ್ತಿದ್ದರಂತೆ. ಗಾಡಿ ಹೊಳ್ಳದಿದ್ದರೆ ಬಣವೆಯ ಜಾಗವನ್ನೇ ಬದಲಿಸುತ್ತಿದ್ದರಂತೆ. ಆ ವಿದ್ಯೆ ಈಗ ನಮ್ಮ ಪ್ಲಾಟಿಗೆ ಬಂತು. ಒಂದು ಚೀಲ ಸುಣ್ಣದ ಪುಡಿ ತರಿಸಿ, ಬಚ್ಚಲಿದ್ದ ನಕಾಶೆಯಂತೆ ಗೆರೆ ಎಳೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ನನ್ನ ರಂಗೋಲಿ ನೋಡಿದವರು ಮರುಗುತ್ತಾರೆ, ಆದರೆ ಕಾನ್ವೆಂಟಿನಲ್ಲಿ ಸ್ಕೇಲು ಹಿಡಿದು ಬೆಳೆದ ಕೈ, ನೇರ ಗೆರೆಗೆ ಮೋಸವಿಲ್ಲ. "ಸಿಸ್ಟರ್‌ಗೋಳು ಇದೊಂದರೆ ಚಲೋ ಕಲಿಸ್ಯಾರ" ಎಂದು ಅತ್ತೆಯವರು ಮೆಚ್ಚಿದರು. ಮದುವೆಯಾದಾಗಿನಿಂದ ನನ್ನ ಓದಿಗೆ ಸಿಕ್ಕ ಮೊದಲ ಪ್ರಶಸ್ತಿ!

ಟಂಟಂ ಗಾಡಿಯಲ್ಲಿ ಮಲಗುವ ಹೊರಸು, ಪ್ಲಾಸ್ಟಿಕ್ ಕುರ್ಚಿಗಳು, ನೀರಿನ ಕೊಡ ಬಂದವು. ಫ್ರಿಜ್ಜಿನ ಜಾಗದಲ್ಲಿ ಜೋಳದ ಚೀಲ ನಿಂತಿತು. ಬೆಳಗಿನಿಂದ ಮನೆಯ ಒಟ್ಟು ಮಂದಿ, ನಾವು ಮೂವರೂ ಸುಣ್ಣದ ಮನೆಯಲ್ಲಿ ಸಂಸಾರ ಹೂಡಿದೆವು. ಯಜಮಾನರು ಫೋನಿನಲ್ಲಿ ಮಾತಾಡುತ್ತ ಮೈಮರೆತು ಅಡುಗೆಮನೆಯ ಗೋಡೆ ದಾಟಿದಾಗ ಅತ್ತೆಯವರು ಕೂತಲ್ಲಿಂದಲೇ, ಗೋಡೆ ಒಡೆದದ್ದಾಯಿತು, ಇನ್ನು ಪಾತ್ರೆಯಾದರೂ ಉಳಿಸು ಎಂದರು. ಕನಮಡಿಯ ನೆಂಟರೊಬ್ಬರು ನಮ್ಮನ್ನು ಕಂಡು ಮೋಟರ್‌ಸೈಕಲ್ ನಿಲ್ಲಿಸಿ ನೇರ ಹೊರಸಿಗೇ ಬಂದರು. ಮಲಗುವ ಕೋಣೆಗೆ ಹೀಗೆ ನುಗ್ಗುವುದು ಯಾವ ಊರಿನ ರೀತಿ ಎಂದು ಅತ್ತೆಯವರು ಅವರನ್ನು ತಲಬಾಗಿಲವರೆಗೆ ವಾಪಸು ಕಳಿಸಿದರು. ಪಾಪ, ಅವರು ಚಪ್ಪಲಿಯನ್ನೂ ಬಿಟ್ಟು ಬಂದರು! ಮಧ್ಯಾಹ್ನ ಗಾಳಿ ಬೀಸಿ ಬಚ್ಚಲು ಹಾರಿಹೋಯಿತು. ನಾನು ಮತ್ತೆ ಕಟ್ಟಿದೆ.

ಸಂಜೆಯ ಹೊತ್ತಿಗೆ ತರಕಾರಿ ಮಾರುವವನ ತಳ್ಳುಗಾಡಿ ಬಂತು. ಅತ್ತೆಯವರ ಕಣ್ಣು ಮಿನುಗಿತು. ಎರಡು ಕಟ್ಟು ಮೆಂತೆಪಲ್ಯೆ ಕೊಳ್ಳುವ ಆಸೆ ತೋರಿಸಿ, ಅವನ ಗಾಡಿಯನ್ನು ನಮ್ಮ ಬಚ್ಚಲಿನ ಬಾಗಿಲಲ್ಲಿ ಹಾಯಿಸಲು ಹೇಳಿದರು. ಅದು ಎರಡೂ ಕಡೆಯ ಗೋಡೆ ಕೆಡವಿಕೊಂಡು ಒಳಗೆ ಹೋಯಿತು.

"ಇದು ಬಚ್ಚಲೋ ಬಾಜಾರೋ ಯವ್ವಾ?" ಎಂದರು ಯಜಮಾನರು.

"ಇದು ಹೋದಲ್ಲಿ ಗಾಲಿಕುರ್ಚಿ ಹೋಗತೈತಿ. ನೀ ಅಂಕಿ ಬರ್ಕೊ."

ಗಾಲಿಕುರ್ಚಿಗೆ ಅಷ್ಟೆಲ್ಲ ಬೇಡ ಎಂದು ಇಂಜಿನಿಯರು ಮರುದಿನ ಸಮಾಧಾನ ಮಾಡಿ, ಬಾಗಿಲನ್ನು ಮನುಷ್ಯರ ಅಳತೆಗೆ ತಂದರು. ಹೊಸ್ತಿಲಿನ ಸಂಗತಿಯಲ್ಲೂ ಅವರೇ ಕಾಪಾಡಿದ್ದು. ಮನೆಯಲ್ಲಿ ಎಲ್ಲಿಯೂ ಕಾಲಿಗೆ ತೊಡರುವ ಹೊಸ್ತಿಲು ಬೇಡವೆಂದು ಅತ್ತೆಯವರು ಹಟ ಹಿಡಿದಾಗ ನಾವು ಬೆರಗಾದೆವು. ಶುಕ್ರವಾರ ಹೊಸ್ತಿಲಿಗೆ ಅರಿಶಿನ ಹಚ್ಚದೆ ಚಹಾ ಕೂಡ ಕುಡಿಯದವರು ಇವರೇ ಅಲ್ಲವೇ? ಯಜಮಾನರಿಗೆ ಅಸ್ತ್ರ ಸಿಕ್ಕಂತಾಯಿತು. ಹೊಸ್ತಿಲಿಲ್ಲದ ಮನೆಗೆ ಲಕ್ಷ್ಮಿ ಹೇಗೆ ಬರುತ್ತಾಳೆ ಎಂದು ಕೇಳಿದರು.

"ಆಕೀಗೂ ವಯಸ್ಸಾಗೇತಿ. ಎಡವದಂಗ ಬರ್ಲಿ."

ಕೊನೆಗೆ ಇಂಜಿನಿಯರು ಕರಿಕಲ್ಲಿನ ಹೊಸ್ತಿಲನ್ನು ನೆಲದ ಮಟ್ಟಕ್ಕೇ ಕೂರಿಸುವ ಉಪಾಯ ಹೇಳಿದರು. ಪೂಜೆಗೂ ಆಯಿತು, ಕಾಲಿಗೂ ಆಯಿತು.

ಉಳಿದದ್ದು ಬಳ್ಳಿ ಮೆಟ್ಟಿಲು. ಯಜಮಾನರು ಅದನ್ನೊಂದು ಬಿಡಲೊಲ್ಲರು. ಅತ್ತೆಯವರು ವಾದ ಮಾಡಲಿಲ್ಲ. ಒಂದು ಭಾನುವಾರ ನಮ್ಮ ಬಾಡಿಗೆ ಮನೆಯಲ್ಲಿ ಮಗನನ್ನು ಕೂರಿಸಿ, ಮೊಣಕಾಲಿಗೆ ಕಟ್ಟಿಗೆಯ ಪಟ್ಟಿ ಇಟ್ಟು, ಟವೆಲಿನಿಂದ ಬಿಗಿದು, ಮಾಳಿಗೆಯ ಮೆಟ್ಟಿಲು ಹತ್ತಲು ಹೇಳಿದರು. ಹತ್ತುವುದೇನೋ ಕಂಬಿ ಹಿಡಿದು ಹತ್ತಿದರು. ಇಳಿಯುವಾಗ ಮಡಚದ ಕಾಲು ಮುಂದೆ ಚಾಚಿ, ಒಂದೊಂದೇ ಮೆಟ್ಟಿಲಿಗೆ ಕೂತು ಕೂತು ಇಳಿಯಬೇಕಾಯಿತು. ಕಚೇರಿಯಲ್ಲಿ ಇವರನ್ನು ಕಂಡರೆ ಎದ್ದು ನಿಲ್ಲುವವರಿದ್ದಾರೆ, ನೆನಪಿರಲಿ! ಕೆಳಗೆ ಅತ್ತೆಯವರು ಚಹಾದ ಕಪ್ಪು ಹಿಡಿದು ಕಾಯುತ್ತಿದ್ದರು.

"ಮೆಟ್ಟಲ ಭಾಳ ಚಂದ ಅದಾವ ತಮ್ಮಾ. ಚಹಾ ಅಷ್ಟ ಆರೇತಿ."

ಬಳ್ಳಿ ಮೆಟ್ಟಿಲು ಅಲ್ಲಿಗೆ ಒಣಗಿತು. ಯಜಮಾನರು ಟವೆಲು ಬಿಚ್ಚುತ್ತ, ಅವ್ವ ತನ್ನ ಮುಪ್ಪಿಗೆ ಮನೆ ಕಟ್ಟಿಸುತ್ತಿದ್ದಾಳೆ, ಕಟ್ಟಿಸಲಿ ಬಿಡು ಎಂದರು. ನಾನೂ ಹಾಗೇ ತಿಳಿದಿದ್ದೆ. ತಪ್ಪೇನು? ಅಷ್ಟು ದುಡಿದ ಜೀವಕ್ಕೆ ಒಂದು ಬಚ್ಚಲು ಹೆಚ್ಚೇ?

ಮನೆ ಎದ್ದಿತು. ಕಳೆದ ತಿಂಗಳು ಬಚ್ಚಲಿನ ಗೋಡೆಗೆ ಸ್ಟೀಲಿನ ಹಿಡಿಕೆ ಕೂರಿಸಲು ಗೌಂಡಿ ಬಂದ. ಎಷ್ಟು ಎತ್ತರ ಎಂದು ಕೇಳಿದ. ಅತ್ತೆಯವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಏಳುವಾಗ ಕೈ ಎಲ್ಲಿ ತಾಗುತ್ತದೆ ನೋಡಿದರು. ಮತ್ತೆ ಕೂರಿಸಿದರು, ಮತ್ತೆ ಎಬ್ಬಿಸಿದರು. ಸುಣ್ಣದ ಮನೆಯಲ್ಲೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನನ್ನೇ ಹೀಗೆ ಕೂರಿಸಿ ಏಳಿಸಿದ್ದರು. ಅವರ ಮಂಡಿ ನೋಯುತ್ತದೆ, ಅದಕ್ಕೇ ನನ್ನಿಂದ ಮಾಡಿಸುತ್ತಾರೆ ಎಂದುಕೊಂಡಿದ್ದೆ. ಈ ಸಲ ನನ್ನ ಕೈ ತಾಗಿದಲ್ಲಿ ಕುಂಕುಮದಿಂದ ಗುರುತು ಹಾಕಿದರು.

ಆಗ ನನಗೆ ಕಂಡಿತು. ಅತ್ತೆಯವರು ನನ್ನ ಭುಜಕ್ಕೆ ಬರುತ್ತಾರೆ. ಕೂತು ಆ ಗುರುತಿಗೆ ಕೈ ಚಾಚಿದರೆ ಅವರ ಮೊಣಕೈ ಕಿವಿಯ ಹತ್ತಿರ ಹೋಗುತ್ತದೆ. ಇದು ನಿಮಗೆ ಎತ್ತರವಾಯಿತು, ಕೆಳಗಿಳಿಸೋಣ ಎಂದೆ.

"ನನಗ್ಯಾಕಬೇ ಹಿಡಿಕಿ?" ಎಂದರು, ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ನನ್ನ ಹಿಡ್ಯಾಕ ನೀ ಅದೀ. ನಮ್ಮ ಅತ್ತೀನ ಹಿಡ್ಯಾಕ ನಾ ಇದ್ದೆ. ನಾಳಿ ನಿನ್ನ ಹಿಡ್ಯಾಕ ಯಾರದಾರ? ಗ್ವಾಡಿನರೆ ಇರ್ಲಿ."

ಗೌಂಡಿ ಡ್ರಿಲ್ ಹಚ್ಚಿದ. ಆ ಸದ್ದಿನಲ್ಲಿ ನಾನು ಮೂಗು ಎಳೆದುಕೊಂಡದ್ದು ಯಾರಿಗೂ ಕೇಳಿಸಲಿಲ್ಲ.

ಅವನು ಹೋಗುವ ಮೊದಲು, ಒಂದು ಗೇಣು ಕೆಳಗೆ ಇನ್ನೊಂದು ಹಿಡಿಕೆ ಹಾಕಿಸಿದೆ. ಬಚ್ಚಲಿಗೆ ಇಷ್ಟು ಒಡವೆ ಯಾಕೆ ಎಂದು ಅತ್ತೆಯವರು ಗೊಣಗಿದರು. ಈಗ ಶುಕ್ರವಾರ ನೆಲದ ಮಟ್ಟದ ಹೊಸ್ತಿಲಿಗೆ ಅವರು ಅರಿಶಿನ ಹಚ್ಚಿ ಒಳಗೆ ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ ನೋಡುತ್ತೇನೆ. ಕೆಳಗಿನ ಹಿಡಿಕೆ ಬರಿದಾಗಿರುತ್ತದೆ. ಮೇಲಿನದಕ್ಕೆ ಮಾತ್ರ ಒಂದು ಬೊಟ್ಟು ಅರಿಶಿನ, ಇನ್ನೂ ಹಸಿ.