ತೂಕದ ಸಾಹೇಬರ ವಿಮಾನ ಟಿಕೆಟ್ಟು

ಕಚೇರಿಯ ಟೈಪಿಸ್ಟಮ್ಮ ಆ ಟಿಕೆಟ್ಟನ್ನು ಗಟ್ಟಿಯಾಗಿ ಓದದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಮೂರು ತಿಂಗಳ ಮೊಮ್ಮಗಳ ಮುಖವನ್ನು ಇನ್ನೂ ನೋಡಿರದ ತೂಕದ ಸಾಹೇಬರು, ವರ್ಷವಿಡೀ ಕೂಡಿಟ್ಟ ಆರು ಸಾವಿರವನ್ನು ಸುರಿದು ಮಗಳ ಊರಿಗೆ ನಾಳೆ ಹೊರಡುವ ವಿಮಾನಕ್ಕೆ ಟಿಕೆಟ್ ಕೊಂಡಿದ್ದರು. ಟೈಪಿಸ್ಟಮ್ಮ ಕನ್ನಡಕ ಸರಿಮಾಡಿಕೊಂಡು ಓದಿದರು: ಪ್ರಯಾಣದ ದರ ಏಳುನೂರು, ತೆರಿಗೆ ಮತ್ತು ಶುಲ್ಕ ಐದು ಸಾವಿರದ ಮುನ್ನೂರು.

ಸಾಹೇಬರ ಬಾಯಿಗೆ ಹೋಗುತ್ತಿದ್ದ ಚಹಾದ ಲೋಟ ದಾರಿಯಲ್ಲೇ ನಿಂತಿತು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಸಾಹೇಬರ ಉದ್ಯೋಗ. ಮಿಠಾಯಿಯ ಜೊತೆ ರಟ್ಟಿನ ಡಬ್ಬಿಯನ್ನೂ ತೂಗಿ ಕಾಸು ಕೀಳುವವರಿಗೆ ಇಪ್ಪತ್ತಾರು ವರ್ಷದಿಂದ ದಂಡ ಹಾಕುತ್ತ ಬಂದವರು. ಅಂಥವರ ಕೈಗೇ ಯಾರೋ ಒಂದು ತುಣುಕು ಮಿಠಾಯಿ ಇಟ್ಟು ಬರೀ ಡಬ್ಬಿಯನ್ನು ಮಾರಿದ್ದರು.

ಜೀಪಿನ ಚಾಲಕನಿಗೆ ಇಂಥ ಸಂದರ್ಭಗಳೆಂದರೆ ಹಬ್ಬ. "ಊರಿಗೆಲ್ಲ ದಂಡ ಹಾಕೋರು ನೀವು, ನಿಮಗೇ ಟೋಪಿ ಹಾಕಿದ್ರಲ್ಲ ಸಾಹೇಬ್ರೇ," ಎಂದು ಕಿಡಿ ಹಚ್ಚಿ, ಕೇಳುವ ಮೊದಲೇ ಟಿಕೆಟ್ ಏಜೆಂಟನ ಅಂಗಡಿಗೆ ಜೀಪು ಹೊರಡಿಸಿದ.

ಟಿಕೆಟ್ ಏಜೆಂಟು ತಾಳ್ಮೆಯ ಮನುಷ್ಯ. ನಡುದಾರಿಯಲ್ಲಿ ಒಂದು ದೊಡ್ಡ ನಿಲ್ದಾಣದಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು, ಪ್ರತಿ ನಿಲ್ದಾಣಕ್ಕೂ ಬಳಕೆಯ ಶುಲ್ಕ, ಭದ್ರತೆಗೆ ಬೇರೆ, ಅದರ ಮೇಲೆ ತೆರಿಗೆ, ವಿಮಾನದವರಿಗೆ ಸೇರುವುದು ಏಳುನೂರೇ ಎಂದು ಬಿಡಿಸಿ ಹೇಳಿದ.

"ಏಳುನೂರಕ್ಕೆ ಆಕಾಶದಲ್ಲಿ ಹಾರಿಸ್ತಾರೆ, ಬಾಗಿಲು ದಾಟಿಸೋಕೆ ಐದು ಸಾವಿರ ತಗೋತಾರಾ?" ಎಂದರು ಸಾಹೇಬರು. ಆ ಸಿಟ್ಟಿನಲ್ಲೇ ಸಾಹೇಬರು ಮೂಲೆಯಲ್ಲಿದ್ದ ಲಗೇಜು ತೂಗುವ ತಕ್ಕಡಿಯ ಮೇಲೆ ಜೀಪಿನಲ್ಲಿದ್ದ ತಮ್ಮ ಪರೀಕ್ಷೆಯ ತೂಕದ ಬಟ್ಟು ತಂದು ಇಟ್ಟರು. ಅದು ಇನ್ನೂರು ಗ್ರಾಂ ಹೆಚ್ಚು ತೋರಿಸಿತು. ಅಲ್ಲೇ ನೋಟೀಸು ಬರೆದು ಕೊಟ್ಟರು.

ಬೆವರಿದ ಏಜೆಂಟು ಇನ್ನೊಂದು ಟಿಕೆಟ್ ಹುಡುಕಿದ. ಊರಿನ ಹಳೆಯ ಸಣ್ಣ ನಿಲ್ದಾಣದಿಂದ ನೇರ ವಿಮಾನ. ದರ ಐದು ಸಾವಿರದ ಮುನ್ನೂರು, ತೆರಿಗೆ ಮತ್ತು ಶುಲ್ಕ ಏಳುನೂರು. ಒಟ್ಟು ಅದೇ ಆರು ಸಾವಿರ. ಹಿಂದಿನ ಸಂಜೆ ಕೊಂಡದ್ದರಿಂದ ಮಧ್ಯಾಹ್ನದೊಳಗೆ ಒಂದೇ ಒಂದು ಸಲ ಬದಲಿಸಲು ಅವಕಾಶವಿತ್ತು.

ಇದಪ್ಪಾ ನ್ಯಾಯವಾದ ತೂಕ ಎಂದು ಸಾಹೇಬರಿಗೆ ಜೀವ ಬಂದಂತಾಯಿತು. ಏಜೆಂಟು ಏನೋ ಹೇಳಲು ಬಾಯಿ ತೆರೆದ. ಸಾಹೇಬರು ಕೈ ಎತ್ತಿ ಸುಮ್ಮನಾಗಿಸಿ, ಬದಲಿಸಿಕೊಂಡೇ ಹೊರಬಂದರು. ಕಚೇರಿಯಲ್ಲಿ ಚಾಲಕ ಈ ಸಾಹಸಕ್ಕೆ ಉಪ್ಪು ಖಾರ ಹಚ್ಚಿ ಮೂರು ಸಲ ವರ್ಣಿಸಿದ.

ನಾಲ್ಕು ಗಂಟೆಗೆ ಮೇಲಧಿಕಾರಿಗಳಿಂದ ಕರೆ ಬಂತು. ಬೆಳಗಿನ ನೋಟೀಸಿನ ಪ್ರತಿ ಅವರ ಮೇಜಿನ ಮೇಲಿತ್ತು. ಅವರಿಗೆ ಖುಷಿಯೋ ಖುಷಿ.

"ವಿಮಾನ ನಿಲ್ದಾಣದ ತಕ್ಕಡಿಗಳನ್ನ ಇವತ್ತಿನವರೆಗೆ ಒಬ್ರೂ ಮುಟ್ಟಿಲ್ಲ ನೋಡಿ. ನಾಳೆಯಿಂದ ನೀವೇ ಶುರು ಮಾಡಿ. ರಜೆ ಮುಂದಿನ ವಾರ ತಗೊಂಡ್ರಾಯ್ತು."

ಸಾಹೇಬರು ಮೊಮ್ಮಗಳ ವಿಷಯ ಹೇಳಿ ಗೋಗರೆದರೂ ಮೇಲಧಿಕಾರಿ ಹೊಗಳುವುದನ್ನು ನಿಲ್ಲಿಸಲಿಲ್ಲ. ಮುಂದಿನ ವಾರವಾದರೂ ಹೋಗೋಣ, ಟಿಕೆಟ್ ರದ್ದು ಮಾಡಿ ಆ ದುಡ್ಡಿನಲ್ಲೇ ಇನ್ನೊಂದು ಕೊಳ್ಳೋಣ ಎಂದು ಸಾಹೇಬರು ಏಜೆಂಟನ ಅಂಗಡಿಗೆ ಓಡಿದರು.

ಏಜೆಂಟು ನೂರರ ಏಳು ನೋಟು ಎಣಿಸಿ ಮುಂದಿಟ್ಟ.

"ಮಿಕ್ಕಿದ್ದು?"

"ಇಂಥ ಟಿಕೆಟ್ಟಿಗೆ ಪ್ರಯಾಣದ ದರ ವಾಪಸ್ ಕೊಡಲ್ಲ ಸಾರ್. ನೀವು ನಿಲ್ದಾಣ ಬಳಸ್ಲಿಲ್ವಲ್ಲ, ಅದಕ್ಕೆ ತೆರಿಗೆ, ಶುಲ್ಕ ಮಾತ್ರ ವಾಪಸ್. ಬೆಳಿಗ್ಗೆ ಅದನ್ನೇ ಹೇಳೋಕೆ ಹೋದೆ."

ಸಾಹೇಬರು ಆ ನೋಟುಗಳನ್ನು ಇನ್ನೊಮ್ಮೆ ಎಣಿಸಿದರು. ಕೇಳಬಾರದು ಎಂದುಕೊಂಡರೂ ಕೇಳಿಬಿಟ್ಟರು. ಮೊದಲಿನ ಟಿಕೆಟ್ಟೇ ಇದ್ದಿದ್ದರೆ ಐದು ಸಾವಿರದ ಮುನ್ನೂರು ಬರುತ್ತಿತ್ತೆಂದು ಏಜೆಂಟು ತಲೆ ತಗ್ಗಿಸಿ ಹೇಳಿದ.

ಅಷ್ಟರಲ್ಲಿ ಮಗಳ ಫೋನು ಬಂತು. ನಾಳೆ ನಿಮ್ಮನ್ನ ಕರ್ಕೊಂಡು ಹೋಗೋಕೆ ಮಗುವನ್ನೂ ಎತ್ತಿಕೊಂಡು ಬರ್ತೀನಿ, ಎಷ್ಟು ಹೊತ್ತಿಗೆ ವಿಮಾನ ನಿಲ್ದಾಣದಲ್ಲಿರ್ತೀರಪ್ಪಾ ಎಂದು ಕೇಳಿದಳು.

ಸಾಹೇಬರು ಏಳು ನೋಟುಗಳನ್ನು ಜೇಬಿಗೆ ಸೇರಿಸಿದರು. "ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲೇ ಇರ್ತೀನಮ್ಮ," ಎಂದರು. "ಆದ್ರೆ ಈ ಊರಿನ ನಿಲ್ದಾಣದಲ್ಲಿ."